ಬಾಗಿಲು ತೆಗೆದ ಸಾಹೇಬರು

"ಊರವರ ಮನೆಯನ್ನೆಲ್ಲ ಉದ್ಧಾರ ಮಾಡಿದ್ದಾಯ್ತು. ಇನ್ನು ನಮ್ಮ ಮನೆ!"

ಭಾನುವಾರ ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿನ ಮೇಲೆ ಕುಟ್ಟಿ ಬಯಲು ಸಾಹೇಬರು ಹೀಗೆ ಘೋಷಿಸಿದಾಗ ಅವರ ಹೆಂಡತಿ ಮಾಡಿದ ಮೊದಲ ಕೆಲಸವೆಂದರೆ ಲೋಟ ಎತ್ತಿಟ್ಟು ಮೇಜು ಒರೆಸಿದ್ದು. ಗಂಡನ ಘೋಷಣೆಗಳಿಂದ ಕಾಫಿ ಚೆಲ್ಲುತ್ತದೆಯೇ ಹೊರತು ಮತ್ತೇನೂ ಆಗುವುದಿಲ್ಲ ಎಂಬುದು ಆಕೆಯ ಇಷ್ಟು ವರ್ಷದ ಅನುಭವ. ಪಾಪ, ಈ ಸಲ ಆಕೆಯ ಲೆಕ್ಕಾಚಾರ ತಪ್ಪಿತು.

ಬಯಲು ಸಾಹೇಬರು ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಕೆಲಸದವರು ಬೆನ್ನ ಹಿಂದೆ ಇಟ್ಟದ್ದು. ವೃತ್ತಿಯಲ್ಲಿ ಅವರು ಆರ್ಕಿಟೆಕ್ಟು. ಹಳೆಯ ಮನೆಗಳನ್ನು ಒಡೆದು ಹೊಸದು ಮಾಡಿಕೊಡುವುದರಲ್ಲಿ ಎತ್ತಿದ ಕೈ. ಒಡೆಯುವುದರಲ್ಲಂತೂ ಎರಡೂ ಕೈ ಎತ್ತಿದ್ದೇ! ಯಾರಾದರೂ ಊಟಕ್ಕೆ ಕರೆದರೆ ಊಟಕ್ಕಿಂತ ಮುಂಚೆ ಆ ಮನೆಯ ಗೋಡೆಗಳನ್ನು ಬೆರಳಿನಿಂದ ಟಕಟಕ ಬಡಿದು, "ಇದು ಯಾಕೆ ಇಲ್ಲಿದೆ?" ಎಂದು ಕೇಳುವರು. ಮನೆಯವರು ಗಾಬರಿಯಾಗಿ, "ಮೇಲೆ ಮಾಳಿಗೆ ಇದೆಯಲ್ಲ, ಅದಕ್ಕೆ" ಎಂದರೆ, "ಅದೊಂದು ನೆಪ!" ಎಂದು ತಳ್ಳಿಹಾಕುವರು. ಗೋಡೆ ಎಂದರೆ ಗಾಳಿಗೆ ಹಾಕಿದ ಬೇಡಿ, ಬಾಗಿಲು ಎಂದರೆ ಮನುಷ್ಯ ಮನುಷ್ಯರ ನಡುವೆ ಎದ್ದು ನಿಂತ ಅನುಮಾನ, ಮನೆ ಎಂದರೆ ಬಯಲಿನ ಹಾಗಿರಬೇಕು! ಇದು ಅವರ ಸಿದ್ಧಾಂತ.

ಅಂಥವರ ಸ್ವಂತ ಮನೆ ಮಾತ್ರ ಬೆಂಕಿಪೊಟ್ಟಣಗಳನ್ನು ಒಂದರ ಪಕ್ಕ ಒಂದು ಇಟ್ಟ ಹಾಗಿತ್ತು. ನಡುವೆ ಉದ್ದದ ಕತ್ತಲೆ ಓಣಿ. ಮಲಗುವ ಕೋಣೆಯ ದೀಪದ ಸ್ವಿಚ್ಚು ಬಾಗಿಲ ಹಿಂದೆ. ದೀಪ ಹಾಕಬೇಕಾದರೆ ಮೊದಲು ಒಳಗೆ ಹೋಗಿ ಬಾಗಿಲು ಹಾಕಬೇಕು, ಆಮೇಲೆ ಕತ್ತಲಲ್ಲಿ ಗೋಡೆ ತಡವಬೇಕು.

"ಓಣಿ ಹಾರಿಸಿಬಿಡ್ತೀನಿ. ಅಡುಗೆಮನೆ ಗೋಡೆ ಹಾರಿಸಿಬಿಡ್ತೀನಿ. ಮುಂದಿನ ತಿಂಗಳು ನೀನು ಈ ಮನೇನ ಗುರುತು ಹಿಡಿಯಲ್ಲ, ನೋಡ್ತಿರು!" ಎಂದರು ಸಾಹೇಬರು.

"ಏನಾದ್ರೂ ಹಾರಿಸ್ಕೊಳ್ಳಿ," ಎಂದಳು ಹೆಂಡತಿ. "ನಂಗೆ ಮಾತ್ರ ಒಂದೇ ಒಂದು ಬಾಗಿಲು ಹಾಕಿಸ್ಕೊಡಿ. ಮೂಲೆ ಕೋಣೆಗೆ."

"ಬಾಗಿಲಾ!" ಸಾಹೇಬರು ಎದೆ ಹಿಡಿದುಕೊಂಡರು. "ನಾನು ಗೋಡೆನೇ ಬೇಡ ಅಂತಿದ್ದೀನಿ, ನೀನು ಬಾಗಿಲು ಕೇಳ್ತಿದ್ದೀಯಲ್ಲೇ!"

"ಹೌದು ರೀ. ಮುಚ್ಚಿದ್ರೆ ಮುಚ್ಕೊಳ್ಳೋ ಅಂಥ ಬಾಗಿಲು."

"ನೋಡೋಣ."

ಈ 'ನೋಡೋಣ'ವನ್ನು ಆಕೆ ಬಹಳ ಕಾಲದಿಂದ ನೋಡುತ್ತಿದ್ದಳು. ಮೂಲೆ ಕೋಣೆಯ ಬಾಗಿಲು ನೀರು ಜಿನುಗಿ ಕೊಳೆತು ಉದುರಿದ ಮೇಲೆ ಅಲ್ಲೊಂದು ಪರದೆ ನೇತಾಡುತ್ತಿತ್ತು. ಆಕೆಯ ಕೆಲಸ ನಡೆಯುತ್ತಿದ್ದದ್ದು ಆ ಪರದೆಯ ಹಿಂದೆ. ಕಣ್ಣು ಕಾಣದವರಿಗೆ ಪುಸ್ತಕಗಳನ್ನು ಓದಿ ಕೇಳಿಸುವ ಸಂಸ್ಥೆಯೊಂದಿದೆ. ಅದಕ್ಕಾಗಿ ಆಕೆ ಕಥೆಗಳನ್ನು ಓದಿ, ಧ್ವನಿಮುದ್ರಿಸಿ ಕಳಿಸುವಳು. ಒಳ್ಳೆಯ ಕಂಠ. ಆಕೆ ದಿನಸಿ ಪಟ್ಟಿ ಓದಿದರೂ ಮುಂದೇನಾಯಿತು ಎಂದು ಕೇಳಬೇಕೆನಿಸುವುದು. ಈಗ ಆ ಸಂಸ್ಥೆಯವರು ಒಂದು ದಪ್ಪ ಕಾದಂಬರಿಯನ್ನೇ ಆಕೆಗೆ ಕೊಡುವ ಮನಸ್ಸು ಮಾಡಿದ್ದರು. ಆದರೆ ಮಾದರಿಗೆಂದು ಮೊದಲ ಅಧ್ಯಾಯ ಓದಿ ಕಳಿಸಿದಾಗಲೆಲ್ಲ ಅದು ತಿರುಗಿ ಬರುತ್ತಿತ್ತು. ಕಡೆಯ ಸಲ ಅವರು ಫೋನ್ ಮಾಡಿ, "ನಿಮ್ಮ ಧ್ವನಿ ತುಂಬಾ ಚೆನ್ನಾಗಿದೆ ಮೇಡಂ. ಆದ್ರೆ ಮಧ್ಯೆ ಮಧ್ಯೆ ಕಾದಂಬರೀಲಿ ಇಲ್ಲದ ಒಬ್ಬ ಗಂಡಸು ಬಂದು ಗಾಳಿ ಬೆಳಕಿನ ವಿಚಾರ ಮಾತಾಡ್ತಾನೆ. ಯಾರು ಅವನು?" ಎಂದು ಕೇಳಿದ್ದರು.

"ಅವನು ಕಥೇಗೆ ಸಂಬಂಧಪಟ್ಟೋನಲ್ಲ. ನಂಗೆ ಸಂಬಂಧಪಟ್ಟೋನು," ಎಂದಿದ್ದಳು ಆಕೆ.

ಅಂತೂ ಸುತ್ತಿಗೆ ಎದ್ದಿತು! ಓಣಿ ಉರುಳಿತು. ಅಡುಗೆಮನೆಯ ಗೋಡೆ ನೆಲ ಕಚ್ಚಿತು. ಮನೆಯ ತುಂಬ ಧೂಳೆದ್ದು ಗಂಡ ಹೆಂಡತಿ ಒಬ್ಬರಿಗೊಬ್ಬರು ಕೆಮ್ಮಿನ ಸದ್ದಿನಿಂದಲೇ ಗುರುತು ಸಿಗುವಂತಾಯಿತು. ಸಾಹೇಬರ ಬಲಗೈಯಾಗಿ ನಿಂತವನು ಅವರ ಖಾಯಂ ಬಡಗಿ. ಹುರುಪಿನ ಆಸಾಮಿ. ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡು ಬಂದನೆಂದರೆ ಎರಡೇ ಶಬ್ದದಲ್ಲಿ ಅವನ ದಿನ ಮುಗಿಯುತ್ತಿತ್ತು: ಒಂದು 'ತೆಗೆ', ಇನ್ನೊಂದು 'ಹಾಕು'.

"ಮೇಸ್ತ್ರಿ, ಆ ಬಾಗಿಲು ತೆಗೀರಿ!" ತೆಗೆದ.

"ಆ ಚೌಕಟ್ಟು ತೆಗೀರಿ!" ತೆಗೆದ.

"ಈ ಅಟ್ಟ ತೆಗೀರಿ!" ತೆಗೆದ. ಅಟ್ಟದ ಮೇಲಿದ್ದ ಸಾಮಾನು ತಾನೇ ಬಂತು.

ಮೊದಲ ದಿನ ಅವನು ಒಂದು ತಪ್ಪು ಮಾಡಿದ್ದ. ಮಲಗುವ ಕೋಣೆಯ ಬಾಗಿಲು ತೆಗೆಯಲು ಹೇಳಿದಾಗ, "ಖಂಡಿತಾನಾ ಸಾರ್?" ಎಂದು ಕೇಳಿಬಿಟ್ಟ. ಸಾಹೇಬರು ಸಿಡಿದರು. "ನಾನು ಹೇಳಿದ ಮೇಲೆ ಖಂಡಿತ! ತೆಗೀರಿ ಅಂದ್ರೆ ತೆಗೀಬೇಕು. ತೆಗೆದದ್ದು ಮನೇಲಿ ಬಿದ್ದಿರಬಾರದು, ಸೀದಾ ನಿಮ್ಮ ಕಾರ್ಖಾನೆಗೆ ಹೋಗ್ಬೇಕು. ನನ್ನ ಕಣ್ಣಿಗೆ ಒಂದು ಹಲಗೆ ಕಾಣಿಸ್ಬಾರ್ದು!" ಅಂದಿನಿಂದ ಬಡಗಿ ಪ್ರಶ್ನೆ ಕೇಳುವುದನ್ನೇ ಬಿಟ್ಟ. ತೆಗೆಯುವುದು, ತನ್ನ ಪುಟ್ಟ ಲಾರಿಗೆ ಹೇರುವುದು, ಹೊರಡುವುದು.

ಮೂಲೆ ಕೋಣೆಯ ಸರದಿಯೂ ಬಂತು. ಹೆಂಡತಿ ಆಸೆಯಿಂದ ಹೋಗಿ ನೋಡಿದರೆ ಬಾಗಿಲು ಬರುವುದಿರಲಿ, ಇದ್ದ ಪರದೆಯೂ ಹೋಗಿತ್ತು!

"ಹೇಗಿದೆ?" ಎಂದರು ಸಾಹೇಬರು, ಸೊಂಟದ ಮೇಲೆ ಕೈಯಿಟ್ಟುಕೊಂಡು. "ಇಲ್ಲಿ ನಿಂತ್ರೆ ಬೀದಿ ತನಕ ಕಾಣುತ್ತೆ!"

"ಬೀದೀಲಿ ನಿಂತ್ರೆ ಇಲ್ಲೀ ತನಕ ಕಾಣುತ್ತೆ," ಎಂದಳು ಹೆಂಡತಿ. ಆಮೇಲೆ ಬಡಗಿಯನ್ನು ಪಕ್ಕಕ್ಕೆ ಕರೆದು, "ನೋಡಿ ಮೇಸ್ತ್ರಿ, ಅವರು ಏನೇ ಹೇಳ್ಲಿ, ಈ ಕೋಣೇಲಿರೋ ಮರದ ಬೀರು ಮಾತ್ರ ಮುಟ್ಟಕೂಡದು. ಅದರ ಬಾಗಿಲ ತಿರುಗಣಿಗೆ ಒಂಚೂರು ಎಣ್ಣೆ ಬಿಟ್ಟುಕೊಡಿ, ಕಿರ್ ಅನ್ನುತ್ತೆ," ಎಂದಳು. ಬಡಗಿ ಎಣ್ಣೆ ಬಿಟ್ಟ.

ಅಲ್ಲಿಂದಾಚೆ ಆಕೆ ಮಧ್ಯಾಹ್ನ ಹೊತ್ತು ಎಲ್ಲೋ ಮಾಯವಾಗತೊಡಗಿದಳು. ಪಕ್ಕದ ಮನೆಗೆ ಹೋಗಿರಬೇಕು ಎಂದುಕೊಂಡರು ಸಾಹೇಬರು. ಎಷ್ಟೆಂದರೂ ಹೊಸ ಮನೆ, ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಹೆಮ್ಮೆ ಇರುವುದಿಲ್ಲವೇ!

ಮನೆ ನೋಡಲು ಅತ್ತೆ ಬಂದರು. ಮುಂಬಾಗಿಲಲ್ಲಿ ನಿಂತು ಅಡುಗೆಮನೆಯನ್ನೂ, ಮಂಚವನ್ನೂ, ಮಂಚದ ಮೇಲೆ ಮಡಿಸದೆ ಬಿಟ್ಟ ಅಳಿಯನ ಲುಂಗಿಯನ್ನೂ ಒಂದೇ ನೋಟದಲ್ಲಿ ನೋಡಿ ಮುಗಿಸಿದರು.

"ಚೆನ್ನಾಗಿದೆ ಅಳಿಯಂದ್ರೇ. ಯಾವಾಗ ಮುಗಿಯುತ್ತೆ?"

"ಮುಗೀತಲ್ಲ ಅತ್ತೆ!"

"ಓ," ಎಂದರು ಅತ್ತೆ. ಆ ಒಂದು 'ಓ' ಸಾಹೇಬರಿಗೆ ಊಟ ಸೇರದ ಹಾಗೆ ಮಾಡಿತು. ಅತ್ತೆ ಮನೆಯೆಲ್ಲ ಸುತ್ತಿ, ಬಾತ್‌ರೂಮಿಗೆ ಬಾಗಿಲೂ ಅಗುಳಿಯೂ ಇರುವುದನ್ನು ಎರಡೆರಡು ಸಲ ಹಾಕಿ ತೆಗೆದು ಖಾತ್ರಿ ಮಾಡಿಕೊಂಡ ಮೇಲೆಯೇ ಚೀಲ ಕೆಳಗಿಟ್ಟರು. ಬೀರುವನ್ನು ಬಿಟ್ಟರೆ ಆಗ ಆ ಮನೆಯಲ್ಲಿ ಉಳಿದಿದ್ದ ಬಾಗಿಲುಗಳೆಂದರೆ ಅದೊಂದು, ಮುಂಬಾಗಿಲೊಂದು.

ಒಂದು ದಿನ ಬೆಳಿಗ್ಗೆ ಹೆಂಡತಿ ಬಂದು ಗಂಡನ ಎದುರು ನಿಂತಳು. "ರೀ, ಇವತ್ತು ಸಂಜೆ ಐದು ಗಂಟೆಯೊಳಗೆ ಆ ಅಧ್ಯಾಯ ಕಳಿಸ್ಬೇಕು. ಇದೇ ಕೊನೆ ಅಂದಿದ್ದಾರೆ. ಇವತ್ತೂ ಕೆಟ್ರೆ ಕಾದಂಬರಿ ಬೇರೆಯವರಿಗೆ ಹೋಗುತ್ತೆ. ನಂಗೆ ಆ ಪುಸ್ತಕ ಓದ್ಬೇಕು ಅಂತ ಬಹಳ ಆಸೆ ಇದೆ ರೀ. ಇವತ್ತೊಂದು ದಿನ ಮನೇಲಿ ಸದ್ದು ಬೇಡ, ದಯವಿಟ್ಟು."

ಹೆಂಡತಿ 'ದಯವಿಟ್ಟು' ಎಂದದ್ದು ಸಾಹೇಬರಿಗೆ ಹೊಸದು. "ಚಿಂತೆ ಬಿಡು! ಇವತ್ತು ಸಂಜೆ ತನಕ ನಾನು ಈ ಕಡೆ ತಲೇನೇ ಹಾಕಲ್ಲ!" ಎಂದು ಮಾತು ಕೊಟ್ಟು ಹೊರಟರು. ಬಡಗಿಗೂ ಆಕೆ, "ಕಿಟಕಿ ಪಾಲಿಶ್ ಮಾಡ್ತೀರಲ್ಲ, ಸದ್ದಾಗದ ಹಾಗೆ ಮಾಡಿ," ಎಂದು ಹೇಳಿ ಮಾಯವಾದಳು.

ಸಾಹೇಬರು ಹೋದದ್ದು ಹಲ್ಲಿನ ಡಾಕ್ಟರರೊಬ್ಬರ ಹತ್ತಿರ. ಡಾಕ್ಟರೂ ಅವರ ಹೆಂಡತಿಯೂ ತಮ್ಮ ದೊಡ್ಡ ಹಳೆಯ ಮನೆಯನ್ನು ಹೊಸದು ಮಾಡಿಸುವವರಿದ್ದರು. ಸಾಹೇಬರು ಡಾಕ್ಟರ ಕುರ್ಚಿಯಲ್ಲೇ ಕೂತು ಬಯಲು ಸಿದ್ಧಾಂತವನ್ನು ವಿವರಿಸಿದರು. ಆ ಕುರ್ಚಿಯಲ್ಲಿ ಕೂತು ಇಷ್ಟು ಹೊತ್ತು ಬಾಯಿ ತೆರೆದದ್ದೂ ಅವರೇ, ಒಂದು ಹಲ್ಲನ್ನೂ ತೋರಿಸದೆ ಎದ್ದವರೂ ಅವರೇ.

ಡಾಕ್ಟರ ಹೆಂಡತಿ ಎಲ್ಲವನ್ನೂ ಕೇಳಿ, "ಇಂಥ ಮನೆ ಎಲ್ಲಾದ್ರೂ ಕಟ್ಟಿದ್ದೀರಾ?" ಎಂದರು.

"ನಮ್ಮ ಮನೆಯೇ ಇದೆಯಲ್ಲ!" ಎಂದುಬಿಟ್ಟರು ಸಾಹೇಬರು.

"ಹಾಗಾದ್ರೆ ಈಗಲೇ ನೋಡೋಣ ನಡೀರಿ. ನೋಡಿದ ಮೇಲೆ ಹೂಂ ಅನ್ನೋದೋ ಉಹುಂ ಅನ್ನೋದೋ ಹೇಳ್ತೀವಿ."

ಸಾಹೇಬರಿಗೆ ಬೆಳಿಗ್ಗೆ ಕೊಟ್ಟ ಮಾತು ನೆನಪಾಯಿತು. ಆದರೆ ಆ ದೊಡ್ಡ ಮನೆಯ ಗೋಡೆಗಳೆಲ್ಲ ಅವರ ಕಣ್ಣ ಮುಂದೆ ಬಂದು, "ನಮ್ಮನ್ನು ಕೆಡವು, ನಮ್ಮನ್ನು ಕೆಡವು" ಎಂದು ಗೋಗರೆಯುತ್ತಿದ್ದವು. ಸದ್ದಿಲ್ಲದೆ ತೋರಿಸಿ ಸದ್ದಿಲ್ಲದೆ ಕಳಿಸಿದರಾಯಿತು, ಹೇಗೂ ಅವಳು ಈ ಹೊತ್ತಿಗೆ ಓದು ಮುಗಿಸಿ ಪಕ್ಕದ ಮನೆಗೆ ಹೋಗಿರುತ್ತಾಳೆ ಎಂದು ಸಮಾಧಾನ ಮಾಡಿಕೊಂಡು ಮನೆಯಲ್ಲಿದ್ದ ಬಡಗಿಗೆ ಫೋನ್ ಮಾಡಿದರು.

"ಮೇಸ್ತ್ರಿ! ಡಾಕ್ಟರು ಮನೆ ನೋಡೋಕೆ ಬರ್ತಿದ್ದಾರೆ. ಪಾಲಿಶ್ ವಾಸನೆ ಹೋಗ್ಬೇಕು, ಗಾಳಿ ಆಡ್ಬೇಕು. ಬಾಗಿಲು ಕಿಟಕಿ ಎಲ್ಲಾ ತೆಗೆದುಬಿಡಿ!"

"ಎಲ್ಲಾ ಅಂದ್ರೆ... ಮುಂಬಾಗಿಲೂನಾ ಸಾರ್?"

"ಮೊದಲು ಅದನ್ನ ತೆಗೀರಿ! ಬಂದವರು ಹೊರಗೆ ನಿಂತು ಕಾಯೋ ಹಾಗಾಗಬಾರ್ದು."

"ಬಾತ್‌ರೂಮಿಂದು?"

"ಅದನ್ನೂ ತೆಗೀರಿ, ಅಲ್ಲಿ ಬೆಳಿಗ್ಗೆಯಿಂದ ಒದ್ದೆ ವಾಸನೆ. ಮೇಸ್ತ್ರಿ, ನಾನೊಂದು ಸಲ ಹೇಳಿದ ಮೇಲೆ..."

"ಗೊತ್ತಾಯ್ತು ಸಾರ್, ಖಂಡಿತ!" ಎಂದ ಬಡಗಿ. ಪ್ರಶ್ನೆ ಕೇಳಿದ್ದಕ್ಕೆ ಈ ಸಲವೂ ಬೈಸಿಕೊಂಡದ್ದರಿಂದ ಇನ್ನು ಕೇಳುವುದಿಲ್ಲ ಎಂದು ಕಿವಿ ಮುಟ್ಟಿಕೊಂಡ.

ಓದುಗರೇ, ನಮ್ಮ ನುಡಿಯಲ್ಲಿ ಬಾಗಿಲು ತೆಗೆಯುವುದು ಎಂದರೆ ಅಗುಳಿ ಸರಿಸಿ ದೂಡುವುದು ಎಂದು ನಿಮಗೂ ಗೊತ್ತು, ನನಗೂ ಗೊತ್ತು, ಆ ಬಡಗಿಗೂ ಗೊತ್ತು. ಆದರೆ ಆ ಮನೆಯಲ್ಲಿ ಇಷ್ಟು ವಾರಗಳಿಂದ ತೆಗೆಯುವುದು ಎಂದರೆ ಒಂದೇ ಅರ್ಥ! ಅವನು ತಿರುಪುಳಿ ಹಿಡಿದ. ಸದ್ದು ಮಾಡಬಾರದೆಂದು ಮೇಡಂ ಹೇಳಿದ್ದರಲ್ಲ, ಸುತ್ತಿಗೆ ಮುಟ್ಟದೆ ಒಂದೊಂದೇ ತಿರುಪನ್ನು ಮಗುವಿನ ಕಾಲಿನ ಮುಳ್ಳು ತೆಗೆಯುವಷ್ಟು ನಾಜೂಕಾಗಿ ತೆಗೆದ. ಮುಂಬಾಗಿಲು ತೆಗೆದ. ಬಾತ್‌ರೂಮಿನ ಬಾಗಿಲು ತೆಗೆದ. ಕಿಟಕಿಯ ರೆಕ್ಕೆಗಳನ್ನೆಲ್ಲ ತೆಗೆದ. ಬೀರುವನ್ನು ಮುಟ್ಟಲಿಲ್ಲ, ಮೇಡಂಗೆ ಕೊಟ್ಟ ಮಾತು ಮಾತೇ. ಎಲ್ಲವನ್ನೂ ಲಾರಿಗೆ ಹೇರಿಕೊಂಡು ಹೊರಟುಹೋದ. ಕುರ್ಚಿಯಲ್ಲೇ ತೂಕಡಿಸುತ್ತಿದ್ದ ಅತ್ತೆಗೂ ಎಚ್ಚರವಾಗಲಿಲ್ಲ.

ಊರಿನ ಟ್ರಾಫಿಕ್ಕಿನಲ್ಲಿ ಬಹಳ ಹೊತ್ತು ತೆವಳಿದ ಸಾಹೇಬರ ಕಾರು ಕೊನೆಗೆ ಮನೆಯ ಮುಂದೆ ನಿಂತಿತು. "ಬನ್ನಿ ಬನ್ನಿ!" ಎಂದು ಠೀವಿಯಿಂದ ಮೆಟ್ಟಿಲು ಹತ್ತಿದವರು ಅಲ್ಲೇ ಕಲ್ಲಾದರು. ಬಾಗಿಲಿರಬೇಕಾದ ಜಾಗದಲ್ಲಿ ಕುರ್ಚಿ ಹಾಕಿಕೊಂಡು, ಮಡಿಚಿದ ಕೊಡೆಯನ್ನು ಅಡ್ಡ ಹಿಡಿದು ಅತ್ತೆ ಕೂತಿದ್ದರು.

"ಯಾರು?" ಎಂದರು ಅತ್ತೆ.

"ನಾನು ಅತ್ತೆ."

"ಅದು ಗೊತ್ತು. ಬಾಗಿಲೆಲ್ಲಿ?"

ಸಾಹೇಬರು ಹಿಂದೆ ಮುಂದೆ ನೋಡಿದರು. ಹಿಂದೆ ಡಾಕ್ಟರು, ಡಾಕ್ಟರ ಹೆಂಡತಿ. ಮುಂದೆ ಅತ್ತೆ. ನಡುವೆ ಬರೀ ಬಯಲು! ಬಡಗಿಗೆ ಫೋನ್ ಮಾಡಿದರೆ ಅದು ಸುಮ್ಮನೆ ಬಡಿದುಕೊಂಡಿತು. ಆದರೂ ನಮ್ಮ ಸಾಹೇಬರು ಸೋಲುವ ಕುಳವಲ್ಲ. ಗಂಟಲು ಸರಿಮಾಡಿಕೊಂಡು, "ನೋಡಿದ್ರಾ ಡಾಕ್ಟರೇ? ಸ್ವಾಗತ ಮಾಡೋ ಮನೆಗೆ ಬಾಗಿಲ್ಯಾಕೆ? ಇದು ನನ್ನ ಇತ್ತೀಚಿನ ವಿನ್ಯಾಸ," ಎಂದರು.

"ಮತ್ತೆ ಇವರು?" ಎಂದು ಡಾಕ್ಟರು ಅತ್ತೆಯ ಕಡೆ ನೋಡಿದರು.

"ಇವರು... ವಿನ್ಯಾಸದ ಭಾಗ."

ಅತ್ತೆ ಕೊಡೆ ಸರಿಸಿ ಒಳಗೆ ಬಿಟ್ಟರು. ಸಾಹೇಬರು ಬೆವರುತ್ತಲೇ, ಪಿಸುಮಾತಿನಲ್ಲೇ ಗಾಳಿಯ ಬಗ್ಗೆ ಬೆಳಕಿನ ಬಗ್ಗೆ ಹೇಳತೊಡಗಿದರು. ರೆಕ್ಕೆಯಿಲ್ಲದ ಕಿಟಕಿಗಳಿಂದ ಗಾಳಿ ಎಷ್ಟು ಚೆನ್ನಾಗಿ ಆಡುತ್ತಿತ್ತೆಂದರೆ ಡಾಕ್ಟರ ತಲೆಗೂದಲೆಲ್ಲ ಒಂದೇ ಕಡೆಗೆ ಮಲಗಿತು. ಡಾಕ್ಟರು ತಲೆದೂಗಿದರು. ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಅವರು ಮೆಲ್ಲಗೆ ಸಾಹೇಬರ ಕಿವಿಯ ಹತ್ತಿರ ಬಂದರು.

"ಸ್ವಲ್ಪ ಬಾತ್‌ರೂಮಿಗೆ ಹೋಗ್ಬೇಕಿತ್ತಲ್ಲ."

ಸಾಹೇಬರು ಹೌಹಾರಿದರು. ಉತ್ತರ ಬಂದದ್ದು ಅತ್ತೆಯಿಂದ. "ಧಾರಾಳವಾಗಿ ಹೋಗಿ. ಅದಕ್ಕೂ ಬಾಗಿಲಿಲ್ಲ. ಅದಕ್ಕೇ ನಾನೊಂದು ಕಾನೂನು ಮಾಡಿದ್ದೀನಿ. ಒಳಗಿರೋರು ಬಾಯಿ ಮುಚ್ಚೋ ಹಾಗಿಲ್ಲ. ಹಾಡ್ತಿರ್ಬೇಕು, ಇಲ್ಲ ಮಾತಾಡ್ತಿರ್ಬೇಕು. ಸದ್ದು ನಿಲ್ತು ಅಂದ್ರೆ ಖಾಲಿ ಆಯ್ತು ಅಂತ ಲೆಕ್ಕ."

"ನನಗೆ ಹಾಡೋಕೆ ಬರಲ್ಲವಲ್ಲ!"

"ಬಂದದ್ದು ಹೇಳಿ. ಈ ಮನೇಲಿ ಎಲ್ಲರೂ ಬಯಲಿಗೇ ಹೋಗೋದು, ಸಂಕೋಚ ಬೇಡ."

ಬೇರೆ ದಾರಿ ಇರಲಿಲ್ಲ. ಡಾಕ್ಟರು ಹೋದರು. ಒಂದು ಕ್ಷಣ ನಿಶ್ಶಬ್ದ. ಅತ್ತೆ ಕೊಡೆಯಿಂದ ನೆಲ ಕುಟ್ಟಿದರು. ಒಳಗಿನಿಂದ ಗಾಬರಿಯ ಧ್ವನಿ ಹೊರಟಿತು. ಗಾಬರಿಯಲ್ಲಿ ಮನುಷ್ಯನ ಬಾಯಿಗೆ ಬರುವುದು ದಿನಾ ಹೇಳುವ ಮಾತೇ ಅಲ್ಲವೇ?

"ಆ ಮಾಡಿ... ಇನ್ನೂ ದೊಡ್ಡದಾಗಿ... ಹಾಂ... ಭಯಪಡ್ಬೇಡಿ... ಸ್ವಲ್ಪ ಚುರುಕ್ ಅನ್ನುತ್ತೆ ಅಷ್ಟೇ..."

ಡಾಕ್ಟರ ಹೆಂಡತಿಯ ಮುಖ ಕೆಂಪಾಯಿತು. ನಗು ತಡೆಯುವುದೋ ನಾಚಿಕೆ ತಡೆಯುವುದೋ ತಿಳಿಯದೆ ಆಕೆ ಅಲ್ಲಿಂದ ಸರಿದು ಸೀದಾ ಮೂಲೆ ಕೋಣೆಗೆ ನಡೆದರು. ಸಾಹೇಬರು ಹಿಂದೆಯೇ ಓಡಿದರು.

"ಈ ಬೀರು ಹಳೇದಾದ್ರೂ ಗಟ್ಟಿಮುಟ್ಟಾಗಿದೆ," ಎಂದರು ಆಕೆ. "ಒಳಗೆ ಎಷ್ಟು ಜಾಗ ಇದೆ?"

"ಬೇಕಾದಷ್ಟು! ತೆಗೆದು ನೋಡಿ," ಎಂದರು ಸಾಹೇಬರು.

ಆಕೆ ತೆಗೆದು ನೋಡಿದರು. ಎಣ್ಣೆ ಕುಡಿದ ತಿರುಗಣಿ ಕಿರ್ ಎನ್ನದೆ ತಿರುಗಿತು. ಒಳಗೆ ಕೋಟುಗಳ, ಸ್ವೆಟರುಗಳ, ಕಂಬಳಿಗಳ ನಡುವೆ ಪುಟ್ಟ ಸ್ಟೂಲಿನ ಮೇಲೆ, ಮಡಿಲಲ್ಲಿ ಪುಸ್ತಕ, ಕೈಯಲ್ಲಿ ಟಾರ್ಚು, ಮೂಗಿನ ಮುಂದೆ ಮೈಕು ಇಟ್ಟುಕೊಂಡು ಸಾಹೇಬರ ಧರ್ಮಪತ್ನಿ ಕೂತಿದ್ದಳು! ಕಣ್ಣು ಪುಸ್ತಕದಲ್ಲಿ, ಮೈಮೇಲಿನ ಪರಿವೆಯಿಲ್ಲ.

"...ಕೊನೆಗೂ ಆ ಮನೆಯಲ್ಲಿ ಮೌನವೆಂದರೆ ಮೌನ," ಎಂದು ಆಕೆ ಓದಿದಳು.

"ಬಾಯಿ ಮುಕ್ಕಳಿಸಿ ಉಗೀರಿ!" ಎಂದರು ಬಾತ್‌ರೂಮಿನಿಂದ ಡಾಕ್ಟರು.

ಪುಸ್ತಕ ಮುಚ್ಚಿತು. ಡಾಕ್ಟರ ಹೆಂಡತಿ ಬೀರುವಿನೊಳಗಿದ್ದವಳನ್ನು ನೋಡಿದರು, ಸಾಹೇಬರನ್ನು ನೋಡಿದರು. "ಇವರು?"

"ನನ್ನ ಹೆಂಡತಿ," ಎಂದರು ಸಾಹೇಬರು, ಇಂಗು ತಿಂದ ಮಂಗನಂತೆ.

"ಹೆಂಡತೀನ ಬೀರುವಿನಲ್ಲಿ ಇಡ್ತೀರಾ?"

"ಅವರು ಇಡಲಿಲ್ಲ, ನಾನೇ ಬಂದು ಕೂತೆ," ಎಂದಳು ಹೆಂಡತಿ. "ಇಡೀ ಮನೇಲಿ ಮುಚ್ಚಿದ್ರೆ ಮುಚ್ಕೊಳ್ಳೋ ಬಾಗಿಲು ಇರೋದು ಇದಕ್ಕೊಂದೇ." ಆಮೇಲೆ ಗಂಡನ ಕಡೆ ತಿರುಗಿದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಇವತ್ತು ಎಷ್ಟು ಚೆನ್ನಾಗಿ ಬರ್ತಿತ್ತು ಗೊತ್ತಾ ರೀ? ಕೊನೇ ಪುಟದಲ್ಲಿದ್ದೆ," ಎಂದಳು. ಆಕೆಯ ಕಣ್ಣಲ್ಲಿ ನೀರು ತುಂಬಿತು.

ಸಾಹೇಬರು ಬೀರುವಿನೊಳಗೆ ಇಣುಕಿ ನೋಡಿದರು. ಇಷ್ಟು ದಿನ ಇವಳು ಪಕ್ಕದ ಮನೆಯಲ್ಲಿ ತನ್ನ ಮನೆಯನ್ನು ಹೊಗಳುತ್ತಿದ್ದಾಳೆ ಎಂದುಕೊಂಡಿದ್ದರೆ, ಇವಳು ತನ್ನದೇ ಮನೆಯಲ್ಲಿ ಜಾಗವಿಲ್ಲದೆ ಕೋಟುಗಳ ನಡುವೆ ಮುದುರಿ ಕೂತಿದ್ದಳು! ವಿಶಾಲ ವಿಶಾಲ ಎಂದು ಬಡಕೊಂಡವನ ಹೆಂಡತಿಗೆ ಕೊನೆಗೆ ಸಿಕ್ಕಿದ್ದು ಒಂದು ಬೀರು.

"ಎಷ್ಟು ಹೊತ್ತಿನೊಳಗೆ ಕಳಿಸ್ಬೇಕು?" ಎಂದು ಕೇಳಿದರು ಡಾಕ್ಟರ ಹೆಂಡತಿ.

"ಐದಕ್ಕೆ. ಆಗಲೇ ನಾಲ್ಕು ದಾಟಿದೆ. ಈ ಗಾಳಿಗೆ ಬೀರೂನೂ ದಡದಡ ಅನ್ನೋಕೆ ಶುರುವಾಗಿದೆ. ಇನ್ನು ಆಗಲ್ಲ ಬಿಡಿ."

"ಆಗುತ್ತೆ. ರೀ!" ಎಂದು ಬಾತ್‌ರೂಮಿನ ಕಡೆಗೆ ತಿರುಗಿ, "ಉಗಿದದ್ದು ಸಾಕು, ಬಾಯಿ ಮುಚ್ಕೊಂಡು ಈಚೆ ಬನ್ನಿ!" ಎಂದರು ಆಕೆ. ಡಾಕ್ಟರು ಬಂದರು. ಆಕೆ ಸಾಹೇಬರಿಗೆ, "ಮನೆ ವಿಷಯ ಆಮೇಲೆ ಫೋನ್ ಮಾಡಿ ಹೇಳ್ತೀನಿ," ಎಂದು ಗಂಡನ ತೋಳು ಹಿಡಿದು ಚಪ್ಪಲಿ ಕೈಯಲ್ಲಿ ಎತ್ತಿಕೊಂಡು ಹೊರಟುಹೋದರು. ಅವರು ಇನ್ನು ಫೋನ್ ಮಾಡಿದ ಹಾಗೆಯೇ ಎಂದು ಸಾಹೇಬರಿಗೆ ಖಾತ್ರಿಯಾಯಿತು. ಆದರೆ ಆಗ ಅದನ್ನು ಯೋಚಿಸುತ್ತ ಕೂರಲು ಪುರುಸೊತ್ತಿರಲಿಲ್ಲ.

ಮಂಚದ ಹಾಸಿಗೆಯನ್ನು ಎಳೆದು ತಂದು ಮೂಲೆ ಕೋಣೆಯ ಬಾಯಿಗೆ ನೆಟ್ಟಗೆ ನಿಲ್ಲಿಸಿದರು. ಅದು ನಿಲ್ಲಲಿಲ್ಲ. ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ, ಕಾಲು ಊರಿ ತಾವೇ ನಿಂತರು.

"ಓದು," ಎಂದರು.

"ನೀವು?"

"ನಾನು ಬಾಗಿಲು."

ಬಾಗಿಲಾಗಿ ನಿಲ್ಲುವುದು ಎಷ್ಟು ಕಷ್ಟ ಎಂದು ಸಾಹೇಬರಿಗೆ ಆ ಹೊತ್ತು ತಿಳಿಯಿತು! ಮೂಗು ತುರಿಸಿತು, ತುರಿಸಿಕೊಳ್ಳುವಂತಿಲ್ಲ. ನೊಣವೊಂದು ಬಂದು ಕೆನ್ನೆಯ ಮೇಲೆ ಬಿಡಾರ ಹೂಡಿತು, ಓಡಿಸುವಂತಿಲ್ಲ. ಜೇಬಿನಲ್ಲಿ ಫೋನು ಗುಯ್‌ಗುಟ್ಟಿತು. ಬಡಗಿಯೇ ಇರಬೇಕು, ಹಲ್ಲು ಕಚ್ಚಿ ಸುಮ್ಮನಾದರು. ಹೊರಗೆ ಅತ್ತೆ ಕೊಡೆ ಬೀಸಿ ಬೀದಿಯಲ್ಲಿ ಹೋಗುವವರ ಬಾಯಿಯನ್ನೆಲ್ಲ ಮುಚ್ಚಿಸುತ್ತಿದ್ದರು. ಹಾರನ್ ಬಾರಿಸಿದ ಕಾರೊಂದು ಅತ್ತೆಯ ಮುಖ ನೋಡಿ ಹಿಂದಕ್ಕೆ ಹೋಯಿತು.

ಹಾಸಿಗೆಯ ಆಚೆ ಹೆಂಡತಿ, ನಡುವೆ ತೇಪೆ ಹಾಕಿದರೆ ಕೇಳುವವರಿಗೆ ಗೊತ್ತಾಗುತ್ತದೆಂದು, ಮೊದಲಿನಿಂದ ಓದತೊಡಗಿದಳು. ಗಡಿಯಾರ ರಿಪೇರಿ ಮಾಡುವವನೊಬ್ಬನ ಮನೆಯ ಕಥೆ. ಮನೆ ತುಂಬ ಗಡಿಯಾರ, ಒಂದೊಂದೂ ಒಂದೊಂದು ಹೊತ್ತಿಗೆ ಬಡಿಯುವುದು. ಅವನ ಹೆಂಡತಿಗೆ ತನ್ನ ಮನಸ್ಸಿನ ಮಾತು ತನಗೇ ಕೇಳಿಸದು. ಒಂದು ದಿನ ಅವನು ಎಲ್ಲ ಗಡಿಯಾರಗಳನ್ನೂ ನಿಲ್ಲಿಸಿ ಬಂದು ಅವಳ ಮುಂದೆ ಕೂತು, "ಈಗ ಹೇಳು" ಎನ್ನುತ್ತಾನೆ. ಕೊನೆಗೂ ಆ ಮನೆಯಲ್ಲಿ ಮೌನವೆಂದರೆ ಮೌನ.

ಇಷ್ಟು ವರ್ಷ ಈ ಧ್ವನಿ ಮನೆಯಲ್ಲೇ ಇತ್ತು. ಸಾಹೇಬರು ಒಂದು ಪುಟ ಪೂರ್ತಿ ಕೇಳಿರಲಿಲ್ಲ. ಮಧ್ಯೆ ತಾವೇ ಬಾಯಿ ಹಾಕಿಬಿಡುತ್ತಿದ್ದರಲ್ಲ! ಈಗ ಕೈ ಮರಗಟ್ಟಿದ್ದೂ ಮರೆತು ಕೇಳಿದರು. ತಮ್ಮ ಹೆಂಡತಿ ಇಷ್ಟು ಚೆನ್ನಾಗಿ ಓದುತ್ತಾಳೆ ಎಂದು ಹೆಮ್ಮೆಯಾಯಿತು, ಇಷ್ಟು ತಡವಾಗಿ ಕೇಳಿದೆನಲ್ಲ ಎಂದು ನಾಚಿಕೆಯಾಯಿತು. ಐದಕ್ಕೆ ಮುಂಚೆ ಆಕೆ ಹಾಸಿಗೆಯನ್ನು ಬೆರಳಿನಿಂದ ಟಕಟಕ ಬಡಿದು, "ಕಳಿಸಿದೆ. ಇನ್ನು ಅಲ್ಲಾಡಬಹುದು," ಎಂದಳು. ಸಾಹೇಬರು ಹಾಸಿಗೆಯ ಸಮೇತ ದೊಪ್ಪನೆ ಬಿದ್ದರು. ಗಂಡ ಹೆಂಡತಿ ಇಬ್ಬರೂ ನೆಲದ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕರು.

ಬಡಗಿಗೆ ಫೋನ್ ಮಾಡಿದಾಗ ಅವನು, "ತೆಗೆದ ಬಾಗಿಲೆಲ್ಲ ಜೋಪಾನವಾಗಿದೆ ಸಾರ್! ಒಂದು ಗೀರೂ ಬಿದ್ದಿಲ್ಲ," ಎಂದ, ಶಭಾಸ್‌ಗಿರಿಗೆ ಕಾಯುತ್ತ.

"ಹಾಕಪ್ಪಾ ಮಹಾರಾಯ! ತಂದು ಹಾಕು!"

"ಹಾಕೋದು ಅಂದ್ರೆ ಜೋಡಿಸೋದಾ, ಮುಚ್ಚೋದಾ ಸಾರ್?"

"ಮೊದಲು ಜೋಡಿಸು, ಆಮೇಲೆ ಮುಚ್ಚು! ಇರೋದ್ರಲ್ಲಿ ಅತಿ ಗಟ್ಟಿ ಬಾಗಿಲು ಅವಳ ಕೋಣೆಗೆ. ಮಿಕ್ಕಿದ್ದೆಲ್ಲ ಆಮೇಲೆ!"

ಬಡಗಿ ಹೇಳಿದಷ್ಟನ್ನು ಮಾಡಿದ. ಇದ್ದುದರಲ್ಲಿ ಅತಿ ಗಟ್ಟಿಯದು ಯಾವುದು? ಮುಂಬಾಗಿಲು! ಅದನ್ನೇ ಚೌಕಟ್ಟಿನ ಸಮೇತ ತಂದು ಮೂಲೆ ಕೋಣೆಗೆ ಕೂರಿಸಿದ. ಹೊರಗೆ ಯಾರು ಬಂದರೆಂದು ನೋಡುವ ಗಾಜಿನ ಕಣ್ಣು, ಕರೆಗಂಟೆಯ ಗುಂಡಿ, ಮೇಲೊಂದು ಕೆಳಗೊಂದು ಚಿಲಕ, ಸಾಹೇಬರ ಹೆಸರೂ ಪದವಿಗಳೂ ಇದ್ದ ಹಿತ್ತಾಳೆಯ ಫಲಕ, ಎಲ್ಲವೂ ಬಂತು. ಅತ್ತೆ ಆ ಫಲಕವನ್ನು ಮಾತ್ರ ಹೆಸರು ಕಾಣದ ಹಾಗೆ ತಿರುಗಿಸಿ ಹಾಕಿದರು. ಬೀದಿಯ ಕಡೆಗೆ ಹೊಸದು ಆಗುವ ತನಕ ಇರಲಿ ಎಂದು ಮಲಗುವ ಕೋಣೆಯ ಹಳೆಯ ಬಾಗಿಲನ್ನು ಹಾಕಿದ್ದಾಯಿತು. ಅದಕ್ಕೆ ಟವೆಲಿನ ಕೊಕ್ಕೆ ಇದ್ದದ್ದರಿಂದ ಪೇಪರಿನವನು ಪೇಪರನ್ನು ಅದಕ್ಕೇ ನೇತುಹಾಕಿ ಹೋಗತೊಡಗಿದ.

ಸಂಸ್ಥೆಯವರಿಂದ ಫೋನ್ ಬಂತು. ಕಾದಂಬರಿ ಆಕೆಗೇ! "ಈ ಸಲ ಆ ಗಂಡಸು ಇಲ್ಲವಲ್ಲ ಮೇಡಂ, ಎಲ್ಲಿಗೆ ಹೋದ?" ಎಂದು ಕೇಳಿದರಂತೆ. "ಇಲ್ಲೇ ನಿಂತಿದ್ದ," ಎಂದಳಂತೆ ಆಕೆ. ಅಚ್ಚರಿಯೆಂದರೆ ಡಾಕ್ಟರ ಹೆಂಡತಿಯೂ ಫೋನ್ ಮಾಡಿದರು. "ಕೆಲಸ ನಿಮಗೇ ಕೊಡ್ತೀವಿ. ಆದ್ರೆ ಪ್ರತಿ ಕೋಣೆಗೂ ಬಾಗಿಲಿರ್ಬೇಕು. ನಂಗೆ ನಿಮ್ಮ ಹೆಂಡತಿ ಬೀರುವಿನಂಥದ್ದೇ ಒಂದು ಕೋಣೆ ಬೇಕು, ಕಿಟಕಿ ಒಂದು ಇರಲಿ. ನಮ್ಮೆಜಮಾನ್ರು ಈಗ ಎಲ್ಲಿ ಹೋದ್ರೂ ಮೊದಲು ಬಾಗಿಲು ಇದೆಯಾ ಅಂತ ನೋಡ್ತಾರೆ!" ಸಾಹೇಬರು ಹೂಂ ಎಂದರು. ಸಿದ್ಧಾಂತ ಉಹುಂ ಎಂದಿತು, ಅದರ ಬಾಯಿ ಮುಚ್ಚಿಸಿದರು.

ಮೂಲೆ ಕೋಣೆಯ ಕರೆಗಂಟೆ ಓದಿಗೆ ಅಡ್ಡಿಯಾಗಬಾರದೆಂದು ಸಾಹೇಬರೇ ಅದರ ತಂತಿ ಬದಲಿಸಿ, ಗುಂಡಿ ಒತ್ತಿದರೆ ಒಳಗೆ ಪುಟ್ಟ ದೀಪ ಹತ್ತುವ ಹಾಗೆ ಮಾಡಿಕೊಟ್ಟರು. ಹೆಂಡತಿ ಮೆಚ್ಚಿದಳು. ಮೆಚ್ಚುಗೆ ಕೇಳಿದ್ದೇ ತಡ, ಸಾಹೇಬರ ತಲೆ ಮತ್ತೆ ಓಡತೊಡಗಿತು. ಒಂದು ಮಧ್ಯಾಹ್ನ ಸುರುಳಿ ಸುತ್ತಿದ ನಕಾಶೆ ಕಂಕುಳಲ್ಲಿಟ್ಟುಕೊಂಡು ಬಂದು ಗುಂಡಿ ಒತ್ತಿದರು. ಬೀದಿಯ ಕಡೆ ಬಡಗಿ ಹೊಸ ಮುಂಬಾಗಿಲನ್ನು ಕೂರಿಸುತ್ತಿದ್ದ. ಅತ್ತೆ ಕುರ್ಚಿಯಲ್ಲಿ ಕೂತು ಅವನನ್ನು ಕಾಯುತ್ತಿದ್ದರು.

ಗಾಜಿನ ಕಣ್ಣು ಕಪ್ಪಾಯಿತು. "ಯಾರು?"

"ನಾನೇ ಕಣೇ."

"ಏನ್ಬೇಕಿತ್ತು?"

"ಒಂದು ಹೊಸ ಯೋಚನೆ ಬಂದಿದೆ. ಒಂಚೂರು ಬಾಗಿಲು ತೆಗಿ."

ಬೀದಿಯ ಕಡೆಯಿಂದ ಬಡಗಿ ತಿರುಪುಳಿ ಹಿಡಿದು ಓಡಿಬಂದ. "ತೆಗೀಲಾ ಸಾರ್?"

ಒಳಗೆ ಮೇಲಿನ ಚಿಲಕ ಬಿತ್ತು. ಕೆಳಗಿನ ಚಿಲಕವೂ ಬಿತ್ತು. ಆಮೇಲೆ ಆ ಒಳ್ಳೆಯ ಕಂಠ, ಒಂದೊಂದು ಅಕ್ಷರವೂ ಕೇಳುವ ಹಾಗೆ:

"ರೀ, ಇನ್ಮೇಲೆ ಈ ಮನೇಲಿ ತೆಗೆಯೋ ಮಾತೇ ತೆಗೀಬೇಡಿ!"